ಹಾರುವ ತಟ್ಟೆಗೆ ಎಂಥ ಕೋವಿ: ಅರೆ-ಸ್ವಯಂಚಾಲಿತ ಶಾಟ್‌ಗನ್ ಆರಿಸುವ ವಿಚಾರ

ಯಂತ್ರ ಗಾಳಿಗೆ ಎಸೆದ ತಟ್ಟೆಗಳನ್ನು ಗುರಿಯಿಟ್ಟು ಒಡೆಯುವ ಆಟವೇ ಕ್ಲೇ ಶೂಟಿಂಗ್. ಅಮೆರಿಕದಲ್ಲಿ ಅದರ ಮೈದಾನಗಳಲ್ಲಿ ಎರಡು ಬಗೆಯ ಕೋವಿಗಳು ಹೆಚ್ಚಾಗಿ ಕಾಣಿಸುತ್ತವೆ. ಒಂದು, ನಳಿಗೆಯ ಮೇಲೆ ನಳಿಗೆ ಕೂರಿಸಿದ, ನಡುವೆ ಮಡಿಚಿ ತೋಟಾ ತುಂಬುವ ಜೋಡುನಳಿಗೆ. ಇನ್ನೊಂದು ಒಂಟಿ ನಳಿಗೆಯದು. ಈಡು ಹಾರಿದ ಕೂಡಲೇ ಖಾಲಿ ಕೇಸನ್ನು ತಾನೇ ಹೊರಗೆಸೆದು, ಮುಂದಿನ ತೋಟಾವನ್ನು ತಾನೇ ಒಳಗೆಳೆದುಕೊಂಡು ಸಿದ್ಧವಾಗುವ ಅರೆ-ಸ್ವಯಂಚಾಲಿತ ಶಾಟ್‌ಗನ್. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಈಡು; ಎರಡನೆಯದಕ್ಕೆ ಬೆರಳನ್ನು ಬಿಟ್ಟು ಮತ್ತೆ ಎಳೆಯಬೇಕು. ಒಳ್ಳೆಯ ಜೋಡುನಳಿಗೆಗೆ ಕೊಡಬೇಕಾದ ಹಣದ ಅರ್ಧಕ್ಕೂ ಕಡಿಮೆಗೆ ಒಳ್ಳೆಯ ಅರೆ-ಸ್ವಯಂಚಾಲಿತ ಸಿಗುತ್ತದೆ, ಅದರ ಒದೆತವೂ ಸೌಮ್ಯ. ಆದ್ದರಿಂದಲೇ ಈ ಆಟಕ್ಕೆ ಹೊಸದಾಗಿ ಬರುವವರಲ್ಲಿ ಅನೇಕರು ಮೊದಲು ಕೊಳ್ಳುವುದು ಇದನ್ನೇ.

ಅಂಗಡಿಯ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿದ ಮೂವತ್ತು ನಲವತ್ತು ಮಾದರಿಗಳ ಮುಂದೆ ನಿಂತಾಗ ಗೊಂದಲ ಆರಂಭವಾಗುತ್ತದೆ. ಅನಿಲದಿಂದ ನಡೆಯುವುದೋ, ಜಡತ್ವದಿಂದ ನಡೆಯುವುದೋ, ಇಟಲಿಯದೋ, ಟರ್ಕಿಯದೋ, ಮೂರು ಇಂಚಿನ ಚೇಂಬರೋ (ನಳಿಗೆಯಲ್ಲಿ ತೋಟಾ ಕೂರುವ ಜಾಗ), ಮೂರೂವರೆಯದೋ ಎಂಬ ಪ್ರಶ್ನೆಗಳು ಒಟ್ಟಿಗೆ ಬಂದು ಬೀಳುತ್ತವೆ. ಇವೆಲ್ಲಕ್ಕೂ ಉತ್ತರವಿದೆ, ಆದರೆ ಇವು ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲ. ಯಾವ ಆಟ, ಯಾವ ತೋಟಾ, ಯಾರ ಮೈಕಟ್ಟು ಎಂಬ ಮೂರು ವಿಷಯಗಳು ನಿರ್ಧಾರವಾದ ಮೇಲೆ ಯಂತ್ರದ ಬಗೆಯೂ ಹೆಸರೂ ತಾವಾಗಿಯೇ ಎರಡು ಮೂರಕ್ಕೆ ಇಳಿಯುತ್ತವೆ. ಹೆಸರಿನಿಂದ ಹೊರಟು ಮೈಕಟ್ಟಿಗೆ ಬಂದವರು, ಎಷ್ಟೇ ಬೆಲೆ ಕೊಟ್ಟಿದ್ದರೂ, ಭುಜ ನೋಯಿಸಿಕೊಂಡು ಕೋವಿಯನ್ನು ಮಾರಲು ಹೊರಡುವ ಸಂಭವ ಹೆಚ್ಚು.

ಇವೆಲ್ಲಕ್ಕೂ ಮೊದಲು ಕಾನೂನಿನ ಮಾತು ಬರಬೇಕು, ಏಕೆಂದರೆ ಕನ್ನಡಿಗರಲ್ಲಿ ಅನೇಕರಿಗೆ ಇದು ನೇರವಾಗಿ ತಾಗುತ್ತದೆ. ಭಾರತದ 2016ರ ಆಯುಧ ನಿಯಮಗಳಲ್ಲಿ ಅರೆ-ಸ್ವಯಂಚಾಲಿತ ಬಂದೂಕುಗಳನ್ನು ಬಿಗಿಯಾದ ನಿರ್ಬಂಧವಿರುವ ವರ್ಗದಲ್ಲಿ ಇರಿಸಲಾಗಿದೆ. ಕೊಡಗಿನಲ್ಲಿಯೋ ಮಲೆನಾಡಿನಲ್ಲಿಯೋ ಮನೆಗಳಲ್ಲಿ ಕಾಣುವ ಒಂಟಿ ನಳಿಗೆ, ಜೋಡುನಳಿಗೆಯ ತೋಟಾ ಕೋವಿಗಳಂತೆ ಅವು ಸಾಮಾನ್ಯ ಪರವಾನಗಿಗೆ ಸಿಗುವಂಥವಲ್ಲ. ಹಾಗಾಗಿ ಈ ಲೇಖನದ ಸಲಹೆಗಳು ಮುಖ್ಯವಾಗಿ ಅಮೆರಿಕದಲ್ಲಿ ನೆಲೆಸಿರುವವರಿಗೆ ಸಲ್ಲುತ್ತವೆ. ಅಲ್ಲಿಯೂ ಒಂದು ದೊಡ್ಡ ಎಚ್ಚರಿಕೆ ಇದೆ. ಎಚ್‌-1ಬಿ, ಎಲ್‌-1, ಎಫ್‌-1 ಮುಂತಾದ ವಲಸೆಯೇತರ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಪರವಾನಗಿ ಇರುವುದು ಈ ನಿಷೇಧಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ಗ್ರೀನ್ ಕಾರ್ಡ್ ಪಡೆದವರಿಗೆ ಈ ಅಡ್ಡಿ ಇಲ್ಲ. ಗೆಳೆಯರ ಜೊತೆ ಮೈದಾನಕ್ಕೆ ಹೋಗಿ ಬಾಡಿಗೆಯ ಕೋವಿ ಹಿಡಿಯುವಾಗಲೂ ಈ ನಿಯಮವನ್ನು ನೆನಪಿಡಬೇಕು. ವೀಸಾ ಪಣಕ್ಕಿರುವಾಗ ವಲಸೆ ವಕೀಲರನ್ನು ಒಮ್ಮೆ ಕೇಳಿ ಮುಂದುವರಿಯುವುದೇ ಸರಿ.

ರಾಜ್ಯಗಳ ಕಾನೂನುಗಳು ಬೇರೆ ಬೇರೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಂಥ ರಾಜ್ಯಗಳು ಕೆಲವು ಲಕ್ಷಣಗಳುಳ್ಳ ಅರೆ-ಸ್ವಯಂಚಾಲಿತ ಶಾಟ್‌ಗನ್‌ಗಳನ್ನು ನಿಷೇಧಿಸಿವೆ. ಕಳಚುವ ಮ್ಯಾಗಜಿನ್ (ತೋಟಾ ತುಂಬಿಡುವ ಭಾಗ), ಪಿಸ್ತೂಲಿನಂಥ ಹಿಡಿ ಮೊದಲಾದವು ಆ ಪಟ್ಟಿಯಲ್ಲಿ ಬರುತ್ತವೆ. ಕ್ಲೇ ಆಟಕ್ಕೆಂದು ತಯಾರಾದ ಉದ್ದ ನಳಿಗೆಯ ಮಾದರಿಗಳು ಸಾಮಾನ್ಯವಾಗಿ ಇದರಿಂದ ಹೊರಗಿದ್ದರೂ ತಮ್ಮ ರಾಜ್ಯದ ಪಟ್ಟಿಯನ್ನು ನೋಡಿಯೇ ಕೊಳ್ಳಬೇಕು. ಬ್ರಿಟನ್ನಿನಲ್ಲಿ ಸಾಮಾನ್ಯ ಶಾಟ್‌ಗನ್ ಪ್ರಮಾಣಪತ್ರದ ಮೇಲೆ ಇಟ್ಟುಕೊಳ್ಳಬಹುದಾದ ಅರೆ-ಸ್ವಯಂಚಾಲಿತದ ಮ್ಯಾಗಜಿನ್ ಎರಡಕ್ಕಿಂತ ಹೆಚ್ಚು ತೋಟಾ ಹಿಡಿಯುವಂತಿಲ್ಲ, ಅದನ್ನು ಕಳಚಲೂ ಬರಬಾರದು, ನಳಿಗೆ 24 ಇಂಚಿಗಿಂತ ಗಿಡ್ಡವಾಗಿರಬಾರದು. ಆಸ್ಟ್ರೇಲಿಯಾದಲ್ಲಿ 1996ರ ರಾಷ್ಟ್ರೀಯ ಬಂದೂಕು ಒಪ್ಪಂದದ ನಂತರ ಈ ಬಗೆಯ ಕೋವಿಗಳು ಸಾಮಾನ್ಯ ಕ್ರೀಡಾಪಟುವಿನ ಕೈಗೆ ಸುಲಭವಾಗಿ ಸಿಗುವುದಿಲ್ಲ.

ಇನ್ನು ಆಟದ ವಿಷಯ. ಟ್ರ್ಯಾಪ್ ಆಟದಲ್ಲಿ ತಟ್ಟೆಗಳು ಮುಂದಿರುವ ಒಂದೇ ಗೂಡಿನಿಂದ ಹೊರಟು ಆಟಗಾರನಿಂದ ದೂರ ಸಾಗುತ್ತವೆ. ಅಮೆರಿಕದ ರೂಢಿಯಲ್ಲಿ ಗೂಡಿನಿಂದ 16 ಗಜ ಹಿಂದೆ ಐದು ಜಾಗಗಳಲ್ಲಿ ನಿಂತು, ತಟ್ಟೆಗೆ ಒಂದೇ ಈಡಿನಂತೆ ಒಂದು ಸುತ್ತಿಗೆ 25 ತಟ್ಟೆಗಳಿಗೆ ಗುರಿಯಿಡುತ್ತಾರೆ. ತಟ್ಟೆ ಮೇಲೇರುತ್ತಲೇ ದೂರವಾಗುವುದರಿಂದ ಟ್ರ್ಯಾಪ್ ಕೋವಿಗಳನ್ನು ಚರೆ (ತೋಟಾದಿಂದ ಹೊರಡುವ ಸಣ್ಣ ಕಾಳುಗಳು) ಸ್ವಲ್ಪ ಮೇಲಕ್ಕೆ ಬೀಳುವಂತೆ ಹೊಂದಿಸಿರುತ್ತಾರೆ. ಸ್ಕೀಟ್ ಆಟದಲ್ಲಿ ಎಡಬಲಗಳಲ್ಲಿ ಎರಡು ಗೂಡುಗಳಿದ್ದು, ತಟ್ಟೆಗಳು ಎದುರು ಅಡ್ಡಡ್ಡಲಾಗಿ ಹಾರುತ್ತವೆ. ದೂರ ಕಡಿಮೆ, ಸಮಯವೂ ಕಡಿಮೆ, ಕೆಲವು ಜಾಗಗಳಲ್ಲಿ ಎರಡೂ ಗೂಡುಗಳಿಂದ ಒಟ್ಟಿಗೇ ಹೊರಡುವ ಜೋಡಿ ತಟ್ಟೆಗಳು. 1920ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಬೇಟೆಗಾರರು ಹಕ್ಕಿ ಹೊಡೆಯುವ ಅಭ್ಯಾಸಕ್ಕೆಂದು ರೂಪಿಸಿಕೊಂಡ ಆಟವಿದು. ಸ್ಪೋರ್ಟಿಂಗ್ ಕ್ಲೇಸ್ ಎಂಬ ಮೂರನೆಯ ಆಟ ಕಾಡಿನ ದಾರಿಯಲ್ಲಿ ನಡೆಯುತ್ತದೆ. ಹತ್ತು ಹದಿನೈದು ಜಾಗಗಳು, ಪ್ರತಿಯೊಂದರಲ್ಲಿಯೂ ಬೇರೆ ಬೇರೆ ಕೋನ, ವೇಗ, ದೂರ. ನೆಲದ ಮೇಲೆ ಮೊಲದಂತೆ ಪುಟಿಯುತ್ತ ಓಡುವ ತಟ್ಟೆಯೂ ಉಂಟು, 60 ಮಿಲಿಮೀಟರಿನ ಪುಟ್ಟ ತಟ್ಟೆಯೂ ಉಂಟು.

ಬರಿಯ ಟ್ರ್ಯಾಪ್ ಆಡುವೆನೆಂಬ ಖಚಿತ ಮನಸ್ಸಿದ್ದವರಿಗೆ ಅರೆ-ಸ್ವಯಂಚಾಲಿತ ಅಷ್ಟೇನೂ ಅಗತ್ಯವಲ್ಲ, ಏಕೆಂದರೆ ಅಲ್ಲಿ ಎರಡನೆಯ ಈಡೇ ಇಲ್ಲ; ಮೇಲಾಗಿ ಬಲಕ್ಕೆ ಚಿಮ್ಮುವ ಖಾಲಿ ಕೇಸು ಪಕ್ಕದವರಿಗೆ ಬಡಿಯದಂತೆ ತಡೆಯುವ ಸಣ್ಣ ಕ್ಲಿಪ್ ಕೂಡ ಹಾಕಿಕೊಳ್ಳಬೇಕಾಗುತ್ತದೆ. ಸ್ಪೋರ್ಟಿಂಗ್ ಕ್ಲೇಸ್ ಮತ್ತು ಸ್ಕೀಟ್ ಎರಡನ್ನೂ ಸಂತೋಷಕ್ಕಾಗಿ ಆಡುವವರಿಗೆ ಇದು ತುಂಬ ಹೊಂದುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಗಳು ಅರೆ-ಸ್ವಯಂಚಾಲಿತಕ್ಕೆ ಅವಕಾಶ ಕೊಟ್ಟಿದ್ದರೂ ಒಲಿಂಪಿಕ್ ಮಟ್ಟದಲ್ಲಿ ಕಾಣುವುದು ಬಹುತೇಕ ಜೋಡುನಳಿಗೆಯೇ. ಎರಡು ನಳಿಗೆಗೆ ಎರಡು ಬೇರೆ ಚೋಕ್ (ಚರೆ ಎಷ್ಟು ಹರಡಬೇಕೆಂದು ನಿರ್ಧರಿಸುವ, ನಳಿಗೆಯ ಬಾಯಿಯ ಭಾಗ) ಇಡಬಹುದು, ಕೆಡುವ ಭಾಗಗಳು ಕಡಿಮೆ, ಮಡಿಚಿ ಹಿಡಿದರೆ ಖಾಲಿ ಇದೆಯೆಂಬುದು ದೂರದಿಂದಲೇ ಎಲ್ಲರಿಗೂ ತಿಳಿಯುತ್ತದೆ. ಆ ಮಟ್ಟದ ಸ್ಪರ್ಧೆಯ ಕನಸು ಇದ್ದವರು ಇದನ್ನು ಮೊದಲೇ ಯೋಚಿಸಬೇಕು.

ಆಟದ ನಂತರ ತೋಟಾ. ನಮ್ಮ ಊರುಗಳಲ್ಲಿ ಹನ್ನೆರಡು ಬೋರ್ ಎನ್ನುವುದನ್ನು ಅಮೆರಿಕದಲ್ಲಿ 12 ಗೇಜ್ ಎನ್ನುತ್ತಾರೆ. ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ ಹನ್ನೆರಡು ಗುಂಡುಗಳನ್ನು ಮಾಡಿದರೆ ಅದರಲ್ಲಿ ಒಂದು ಗುಂಡಿನ ವ್ಯಾಸವೇ ಈ ನಳಿಗೆಯ ಒಳಗಿನ ವ್ಯಾಸ, ಸುಮಾರು 18.5 ಮಿಲಿಮೀಟರ್. 20 ಗೇಜ್ ಎಂದರೆ ಅದೇ ಪೌಂಡಿಗೆ ಇಪ್ಪತ್ತು ಗುಂಡು, ಆದ್ದರಿಂದ ನಳಿಗೆ ಸಣ್ಣದು, 15.6 ಮಿಲಿಮೀಟರ್. ಕ್ಲೇ ಆಟಕ್ಕೆ ಮೊದಲ ಕೋವಿಯಾಗಿ 12 ಗೇಜ್ ಕೊಳ್ಳುವುದೇ ಜಾಣತನ; ಅದರ ತೋಟಾ ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತದೆ, ಅಗ್ಗ, ಬಗೆಗಳೂ ಹೆಚ್ಚು. ‘20 ಗೇಜ್ ಒದೆಯುವುದಿಲ್ಲ’ ಎಂದು ಹೊಸಬರಿಗೆ, ವಿಶೇಷವಾಗಿ ಮಹಿಳೆಯರಿಗೆ ಮತ್ತು ಹರೆಯದವರಿಗೆ, ಅಂಗಡಿಯವರು ಹೇಳುವುದನ್ನು ಹಾಗೆಯೇ ಒಪ್ಪಬಾರದು. 20 ಗೇಜ್ ಕೋವಿ ಬಹಳ ಹಗುರವಾಗಿದ್ದರೆ ಅದರ ಒದೆತ ಭಾರವಾದ 12 ಗೇಜಿನದನ್ನು ಮೀರಬಹುದು. ತೂಕದ 12 ಗೇಜ್‌ಗೆ ಹಗುರ ತೋಟಾ ಹಾಕುವುದು ಅನೇಕರಿಗೆ ಇನ್ನೂ ಒಳ್ಳೆಯ ದಾರಿ.

ಇದರ ಲೆಕ್ಕ ಕಷ್ಟದ್ದಲ್ಲ. ಚರೆ, ಅದಕ್ಕೂ ಮದ್ದಿಗೂ ನಡುವೆ ಇರುವ ವ್ಯಾಡ್ ಎಂಬ ಬಿರಡೆ, ಸುಟ್ಟ ಮದ್ದಿನ ಅನಿಲ ಇವೆಲ್ಲ ಮುಂದಕ್ಕೆ ಒಯ್ಯುವ ಸಂವೇಗ ಎಷ್ಟೋ ಅಷ್ಟೇ ಸಂವೇಗ ಕೋವಿಗೆ ಹಿಂದಕ್ಕೆ ಬರುತ್ತದೆ. ಸಂವೇಗ ಒಂದೇ ಆಗಿರುವಾಗ ಕೋವಿ ಪಡೆಯುವ ಶಕ್ತಿ ಅದರ ತೂಕಕ್ಕೆ ವಿಲೋಮವಾಗಿರುತ್ತದೆ. ಅಂದರೆ ಅದೇ ತೋಟಾವನ್ನು 3.5 ಕಿಲೋ ತೂಕದ ಕೋವಿಯಿಂದ ಹಾರಿಸಿದಾಗ ಆಗುವುದಕ್ಕಿಂತ 2.7 ಕಿಲೋ ಕೋವಿಯ ಒದೆತದ ಶಕ್ತಿ ಶೇಕಡಾ 30ರಷ್ಟು ಹೆಚ್ಚು. ತೋಟಾದಲ್ಲಿನ ಚರೆಯ ತೂಕವನ್ನು 32 ಗ್ರಾಮ್‌ನಿಂದ 28ಕ್ಕೆ, 28ರಿಂದ 24ಕ್ಕೆ ಇಳಿಸಿದಾಗ, ವೇಗ ಅಷ್ಟೇ ಇದ್ದರೆ, ಪ್ರತಿ ಇಳಿಕೆಗೂ ಒದೆತದ ಶಕ್ತಿ ಸುಮಾರು ಐದನೇ ಒಂದು ಭಾಗದಷ್ಟು ತಗ್ಗುತ್ತದೆ. ಬೆಟ್ಟ ಹತ್ತಿ ಹಕ್ಕಿ ಹುಡುಕುವ ಬೇಟೆಗಾರನಿಗೆ ಹಗುರ ಕೋವಿ ವರವಾದೀತು. ಆದರೆ ಒಂದೇ ಬೆಳಿಗ್ಗೆ ನೂರು ಈಡು ಹಾರಿಸುವ ಆಟಗಾರನಿಗೆ ತೂಕವೇ ಗೆಳೆಯ. ಕ್ಲೇ ಆಟಕ್ಕೆ 3.3ರಿಂದ 3.8 ಕಿಲೋ ನಡುವಿನ ಕೋವಿ ಒದೆತಕ್ಕೂ ಒಳ್ಳೆಯದು, ತಟ್ಟೆಯ ಜೊತೆ ಕೋವಿಯನ್ನು ನಿಲ್ಲದೆ ಸಾಗಿಸುವ ಬೀಸಿಗೂ ಒಳ್ಳೆಯದು.

ಚೇಂಬರಿನ ಉದ್ದದ ಬಗ್ಗೆ ಅಂಗಡಿಗಳಲ್ಲಿ ನಡೆಯುವ ಪ್ರಚಾರಕ್ಕೆ ಮರುಳಾಗುವ ಅಗತ್ಯವಿಲ್ಲ. ಕ್ಲೇ ತೋಟಾಗಳೆಲ್ಲ 2¾ ಇಂಚಿನವು, ಅಂದರೆ 70 ಮಿಲಿಮೀಟರಿನವು. 3 ಇಂಚಿನ ಚೇಂಬರ್ ಇದ್ದರೆ ಅವನ್ನೂ ಹಾರಿಸುತ್ತದೆ, ಒಮ್ಮೊಮ್ಮೆ ಬಾತುಕೋಳಿ ಬೇಟೆಗೆ ಹೋಗುವವರ ಅಗತ್ಯವನ್ನೂ ಪೂರೈಸುತ್ತದೆ. 3½ ಇಂಚಿನದು ದೊಡ್ಡ ಹೆಬ್ಬಾತುಗಳ ಬೇಟೆಗೆ ಮಾಡಿದ್ದು. ಅಷ್ಟು ಬಲವಾದ ತೋಟಾವನ್ನು ತಾಳುವಂತೆ ರೂಪಿಸಿದ ಯಂತ್ರ ಹಗುರ ಕ್ಲೇ ತೋಟಾದ ಅಲ್ಪ ಶಕ್ತಿಯಲ್ಲಿ ತಡವರಿಸುವ ಸಾಧ್ಯತೆ ಇರುವುದರಿಂದ, ಕ್ಲೇ ಆಟವೇ ಮುಖ್ಯವಾಗಿದ್ದವರು ಅದಕ್ಕೆ ಹೆಚ್ಚು ಹಣ ಕೊಡುವುದು ವ್ಯರ್ಥ. ಚೇಂಬರಿಗಿಂತ ಉದ್ದದ ತೋಟಾವನ್ನು ಮಾತ್ರ ಎಂದಿಗೂ ಹಾಕಬಾರದು; ತೋಟಾದ ಬಾಯಿ ಮಡಿಚಿರುವಾಗ ಅದು ಒಳಗೆ ಕೂತರೂ ಹಾರುವಾಗ ಬಾಯಿ ಪೂರ್ತಿ ತೆರೆದುಕೊಳ್ಳಲು ಜಾಗ ಸಾಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಮನೆಯಲ್ಲಿ 12 ಮತ್ತು 20 ಎರಡೂ ಗೇಜಿನ ಕೋವಿಗಳಿದ್ದರೆ ಇನ್ನೊಂದು ದೊಡ್ಡ ಅಪಾಯವಿದೆ. 20 ಗೇಜಿನ ತೋಟಾ 12ರ ಚೇಂಬರನ್ನು ದಾಟಿ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದು ಕಾಣದೆ ಹಿಂದೆ ಇನ್ನೊಂದು ತೋಟಾ ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. 20 ಗೇಜಿನ ಕೇಸುಗಳಿಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. ಎರಡು ಗೇಜಿನ ತೋಟಾಗಳು ಒಂದೇ ಚೀಲದಲ್ಲಿ, ಒಂದೇ ಜೇಬಿನಲ್ಲಿ ಎಂದೂ ಇರಕೂಡದು.

ಈಗ ಮೈಕಟ್ಟಿನ ವಿಷಯಕ್ಕೆ ಬರೋಣ; ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಓದುವುದಾದರೆ ಇದನ್ನೇ ಓದಬೇಕು. ರೈಫಲ್‌ಗೆ ಹಿಂದೊಂದು ಮುಂದೊಂದು ಗುರಿಕಣ್ಣು ಇರುತ್ತದೆ, ಎರಡನ್ನೂ ಹೊಂದಿಸಿ ಗುರಿ ಹಿಡಿಯುತ್ತಾರೆ. ಶಾಟ್‌ಗನ್‌ಗೆ ಮುಂದೆ ಒಂದು ಮಣಿ ಮಾತ್ರ. ಹಿಂದಿನ ಗುರಿಕಣ್ಣಿನ ಕೆಲಸವನ್ನು ಮಾಡುವುದು ಹಾರಿಸುವವರ ಕಣ್ಣೇ. ತಟ್ಟೆಯನ್ನೇ ನೋಡುತ್ತ ಕೋವಿಯನ್ನು ಎತ್ತಿ ಕೆನ್ನೆಗೂ ಭುಜಕ್ಕೂ ತಂದಾಗ ಕಣ್ಣು ಪ್ರತಿ ಸಲವೂ ನಳಿಗೆಯ ಮೇಲಿನ ಪಟ್ಟಿಯ ನೇರಕ್ಕೆ ಬಂದು ನಿಲ್ಲಬೇಕು. ಕಣ್ಣು ಅರ್ಧ ಇಂಚು ಮೇಲಿದ್ದರೆ ಚರೆ ತಟ್ಟೆಯ ಮೇಲಿಂದ ಹೋಗುತ್ತದೆ, ಬದಿಗಿದ್ದರೆ ಬದಿಗೆ ಹೋಗುತ್ತದೆ. ಆದ್ದರಿಂದ ಭುಜಕ್ಕೆ ಆನಿಸುವ ಹಿಂಭಾಗದ, ಅಂದರೆ ಸ್ಟಾಕಿನ, ಉದ್ದ, ಇಳಿಜಾರು, ಬದಿಯ ಬಾಗು ಇವು ಅಲಂಕಾರದ ವಿಷಯಗಳಲ್ಲ. ಗುರಿಯ ವ್ಯವಸ್ಥೆಯೇ ಅವು.

ಟ್ರಿಗರಿನಿಂದ ಸ್ಟಾಕಿನ ಹಿಂತುದಿಯ ನಡುಭಾಗದವರೆಗಿನ ಅಂತರವನ್ನು ಮೊದಲು ನೋಡಬೇಕು. ಕಾರ್ಖಾನೆಯಿಂದ ಬರುವ ಕೋವಿಗಳಲ್ಲಿ ಇದು ಸಾಮಾನ್ಯವಾಗಿ 14ರಿಂದ 14½ ಇಂಚು ಇರುತ್ತದೆ, ಸರಾಸರಿ ಅಮೆರಿಕನ್ ಗಂಡಸಿನ ಅಳತೆಗೆ. ಐದಡಿ ನಾಲ್ಕು ಐದು ಇಂಚು ಎತ್ತರದವರಿಗೆ ಇದು ಉದ್ದವೇ ಆಗುತ್ತದೆ. ಸ್ಟಾಕ್ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಮುಂದಿನ ಕೈ ಚಾಚಿಕೊಂಡು ಬೀಸು ನಿಂತುಹೋಗುತ್ತದೆ. ತೀರ ಗಿಡ್ಡವಾದರೆ ಒದೆತಕ್ಕೆ ಹೆಬ್ಬೆರಳು ಬಂದು ಮೂಗಿಗೆ ಬಡಿಯುತ್ತದೆ. ಕೋವಿಯನ್ನು ಸರಿಯಾಗಿ ಕೆನ್ನೆಗೆ ತಂದಾಗ ಮೂಗಿಗೂ ಹೆಬ್ಬೆರಳ ಬುಡಕ್ಕೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಉಳಿದರೆ ಉದ್ದ ಸರಿಯಿದೆ ಎಂದು ತಿಳಿಯಬಹುದು. ಚಳಿಗಾಲದಲ್ಲಿ ದಪ್ಪ ಜಾಕೆಟ್ ತೊಡುವವರು ಅದನ್ನು ತೊಟ್ಟೇ ಅಳತೆ ನೋಡಬೇಕು. ಇಳಿಜಾರನ್ನೂ ಬದಿಯ ಬಾಗನ್ನೂ ತಿದ್ದಲು ಇಂದಿನ ಹಲವು ಅರೆ-ಸ್ವಯಂಚಾಲಿತಗಳ ಜೊತೆಗೆ ತೆಳುವಾದ ಬಿಲ್ಲೆಗಳನ್ನು ಕೊಡುತ್ತಾರೆ. ಸ್ಟಾಕ್ ಕಳಚಿ ಅದಕ್ಕೂ ಕೋವಿಯ ಒಡಲಿಗೂ ನಡುವೆ ಅವನ್ನು ಇಟ್ಟರೆ ಆಯಿತು. ಜೋಡುನಳಿಗೆಯ ಸ್ಟಾಕನ್ನು ತಿದ್ದಲು ನುರಿತ ಕುಶಲಕರ್ಮಿಯ ಬಳಿಗೆ ಹೋಗಬೇಕಾದಲ್ಲಿ ಇಲ್ಲಿ ಅರ್ಧ ಗಂಟೆಯ ಕೆಲಸ ಸಾಕು, ಇದು ಅರೆ-ಸ್ವಯಂಚಾಲಿತದ ದೊಡ್ಡ ಅನುಕೂಲ. ಮಹಿಳೆಯರಿಗೆ ಕುತ್ತಿಗೆಯ ಉದ್ದ, ಎದೆಯ ಆಕಾರಗಳ ಕಾರಣದಿಂದ ಸ್ಟಾಕಿನ ಹಿಂತುದಿಯ ಕೋನವೂ ಬೇರೆಯಾಗಿರಬೇಕು. ಸೈರೆನ್ ಎಂಬ ಹೆಸರಿನಲ್ಲಿ ಮಹಿಳೆಯರ ಅಳತೆಗೆಂದೇ ತಯಾರಾಗುವ ಕೋವಿಗಳಿವೆ. ಗಂಡಸರ ಕೋವಿಯ ಸ್ಟಾಕನ್ನು ಬರಿದೆ ಕತ್ತರಿಸಿ ಕೊಡುವುದಕ್ಕಿಂತ ಅವು ಎಷ್ಟೋ ಮೇಲು.

ಯಾವ ಕಣ್ಣು ಪ್ರಬಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು. ಎರಡೂ ಕಣ್ಣು ತೆರೆದು ದೂರದ ಒಂದು ವಸ್ತುವಿಗೆ ಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ, ಯಾವ ಕಣ್ಣು ತೆರೆದಿದ್ದಾಗ ಬೆರಳು ವಸ್ತುವಿನ ಮೇಲೆಯೇ ಉಳಿಯುತ್ತದೆಯೋ ಅದು ಪ್ರಬಲ ಕಣ್ಣು. ಬಲಗೈಯವರಲ್ಲಿಯೂ ಎಡಗಣ್ಣು ಪ್ರಬಲವಾಗಿರುವವರು ಕಡಿಮೆಯೇನಲ್ಲ. ಹೊಸಬರಾದರೆ ಎಡಭುಜದಿಂದಲೇ ಕಲಿಯುವುದು ಒಳಿತು. ಆಗದಿದ್ದರೆ ಎಡಗಣ್ಣಿನ ಕನ್ನಡಕದ ಮೇಲೆ ಮಣಿ ಮಸುಕಾಗುವಷ್ಟು ಸಣ್ಣ ಟೇಪಿನ ತುಂಡು ಅಂಟಿಸಿಕೊಳ್ಳುತ್ತಾರೆ. ಎಡಭುಜದಿಂದ ಹಾರಿಸುವವರು ಸಾಮಾನ್ಯ ಅರೆ-ಸ್ವಯಂಚಾಲಿತವನ್ನು ಹಿಡಿದರೆ ಖಾಲಿ ಕೇಸು ಮುಖದ ಮುಂದೆಯೇ ಹಾದುಹೋಗುತ್ತದೆ. ಬೆರೆಟ್ಟಾ, ಬೆನೆಲ್ಲಿ ಕಂಪನಿಗಳು ಕೆಲವು ಮಾದರಿಗಳನ್ನು ಎಡಗೈಯವರಿಗಾಗಿ, ಕೇಸು ಎಡಕ್ಕೆ ಚಿಮ್ಮುವಂತೆ, ಮಾಡುತ್ತವೆ. ಅಂಥದನ್ನು ಹುಡುಕಿ ಕೊಳ್ಳಬೇಕು.

ಯಂತ್ರದ ಬಗೆಗಳನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಶಸ್ವಿಯಾದ ಮೊದಲ ಅರೆ-ಸ್ವಯಂಚಾಲಿತ ಶಾಟ್‌ಗನ್ ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಆಟೋ-5. ಅದಕ್ಕೆ 1900ರಲ್ಲಿ ಪೇಟೆಂಟ್ ದೊರೆಯಿತು, ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ ಅದನ್ನು ತಯಾರಿಸಿತು. ಅದರಲ್ಲಿ ಈಡು ಹಾರಿದಾಗ ನಳಿಗೆ ಮತ್ತು ಅದರ ಹಿಂತುದಿಯನ್ನು ಮುಚ್ಚುವ ಬೋಲ್ಟ್ ಎರಡೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತಿದ್ದವು. ಗಟ್ಟಿಮುಟ್ಟಾದ ಯಂತ್ರ, ಇಂದಿಗೂ ಹಳೆಯ ಆಟೋ-5ಗಳು ಕೆಲಸ ಮಾಡುತ್ತಿವೆ. ಆದರೆ ತೋಟಾದ ಬಲಕ್ಕೆ ತಕ್ಕಂತೆ ಒಳಗಿನ ಉಂಗುರಗಳನ್ನು ಬದಲಿಸಿ ಜೋಡಿಸಬೇಕಾಗುತ್ತದೆ, ಒದೆತವೂ ಎರಡು ಹಂತಗಳಲ್ಲಿ ಬರುತ್ತದೆ. ಸಂಗ್ರಹಕಾರರಿಗೆ ಅದು ಪ್ರಿಯ. ಹೊಸಬರು ಆರಿಸಬೇಕಾದದ್ದು ಅದರ ನಂತರ ಬಂದ ಎರಡು ಬಗೆಗಳ ನಡುವೆ.

ಮೊದಲನೆಯದು ಅನಿಲಚಾಲಿತ. ನಳಿಗೆಯ ನಡುವಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಚರೆ ಅವುಗಳನ್ನು ದಾಟಿದಾಗ ಅದರ ಹಿಂದಿನ ಬಿಸಿ ಅನಿಲದ ಸ್ವಲ್ಪ ಪಾಲು ರಂಧ್ರದಿಂದ ಕೆಳಗಿನ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಬೋಲ್ಟನ್ನು ಹಿಂದಕ್ಕೆ ಒಯ್ಯುತ್ತದೆ. ಕೇಸು ಹೊರಗೆ ಬೀಳುತ್ತದೆ. ಸ್ಪ್ರಿಂಗ್ ಬೋಲ್ಟನ್ನು ಮರಳಿ ಮುಂದಕ್ಕೆ ತರುವಾಗ ಹೊಸ ತೋಟಾ ಒಳಗೆ ಕೂರುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಈ ಬಗೆಯನ್ನು ಅಮೆರಿಕದಲ್ಲಿ ಮನೆಮಾತಾಗಿಸಿತು. ಇಂದು ಬೆರೆಟ್ಟಾದ ಎ400 ಮತ್ತು ಎ300, ಬ್ರೌನಿಂಗ್ ಮ್ಯಾಕ್ಸಸ್, ವಿಂಚೆಸ್ಟರ್ ಎಸ್‌ಎಕ್ಸ್4, ಮಾಸ್‌ಬರ್ಗ್ 940 ಈ ಗುಂಪಿನವು. ಇವುಗಳ ದೊಡ್ಡ ಗುಣ ಒದೆತ ಮೃದುವಾಗಿರುವುದು. ಒಟ್ಟು ಸಂವೇಗ ಕಡಿಮೆಯಾಗುವುದಿಲ್ಲ, ಅದು ಭೌತಶಾಸ್ತ್ರದ ನಿಯಮ. ಆದರೆ ಬೋಲ್ಟು ಪಿಸ್ಟನ್ನುಗಳ ಓಟದಿಂದ ಅದು ಭುಜಕ್ಕೆ ತಲುಪುವ ಕಾಲ ಹಿಗ್ಗುತ್ತದೆ. ಕ್ರಿಕೆಟ್ ಚೆಂಡು ಹಿಡಿಯುವವರು ಕೈಯನ್ನು ಹಿಂದಕ್ಕೆ ಎಳೆದುಕೊಂಡಾಗ ಪೆಟ್ಟು ಹೇಗೆ ಮೆತ್ತಗಾಗುತ್ತದೆಯೋ ಹಾಗೆ. ಕೊರತೆಯೆಂದರೆ ಮಸಿ. ಅನಿಲದ ಜೊತೆ ಬಂದ ಮಸಿ ಪಿಸ್ಟನ್ನಿಗೂ ಸಿಲಿಂಡರಿಗೂ ಅಂಟುತ್ತದೆ, ಕೆಲವು ನೂರು ಈಡುಗಳಿಗೊಮ್ಮೆ ಬಿಚ್ಚಿ ಒರೆಸದಿದ್ದರೆ ಬೋಲ್ಟ್ ಅರ್ಧಕ್ಕೆ ನಿಲ್ಲತೊಡಗುತ್ತದೆ. ರೆಮಿಂಗ್ಟನ್ 1100ರಲ್ಲಿ ಅನಿಲ ಸೋರದಂತೆ ತಡೆಯುವ ಪುಟ್ಟ ರಬ್ಬರ್ ಉಂಗುರವೊಂದಿದೆ. ಅದು ಹರಿದರೆ ಕೋವಿ ನಿಂತೇ ಹೋಗುತ್ತದೆ. ಅದನ್ನು ಇಟ್ಟುಕೊಂಡವರು ಒಂದೆರಡು ಉಂಗುರಗಳನ್ನು ಚೀಲದಲ್ಲಿ ಹಾಕಿಕೊಂಡೇ ಮೈದಾನಕ್ಕೆ ಹೋಗುತ್ತಾರೆ.

ಎರಡನೆಯದು ಜಡತ್ವಚಾಲಿತ. 1967ರಲ್ಲಿ ಇಟಲಿಯ ಉರ್ಬಿನೋದಲ್ಲಿ ಆರಂಭವಾದ ಬೆನೆಲ್ಲಿ ಕಂಪನಿ ಬ್ರೂನೋ ಚಿವೊಲಾನಿ ಎಂಬ ಎಂಜಿನಿಯರ್ ರೂಪಿಸಿದ ಈ ವಿಧಾನವನ್ನು ಮುನ್ನೆಲೆಗೆ ತಂದಿತು. ಇದರಲ್ಲಿ ಅನಿಲದ ರಂಧ್ರವಿಲ್ಲ, ಪಿಸ್ಟನ್ ಇಲ್ಲ. ಈಡು ಹಾರಿದಾಗ ಇಡೀ ಕೋವಿ ಹಿಂದಕ್ಕೆ ಜಿಗಿಯುತ್ತದೆ. ಆದರೆ ಒಳಗಿರುವ ಭಾರವಾದ ಬೋಲ್ಟಿನ ಒಡಲು ಜಡತ್ವದಿಂದ ಇದ್ದಲ್ಲಿಯೇ ಉಳಿಯಲು ನೋಡುತ್ತದೆ, ಹಾಗಾಗಿ ಅದಕ್ಕೂ ಬೋಲ್ಟಿನ ತಲೆಗೂ ನಡುವಿನ ಗಟ್ಟಿ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಚರೆ ನಳಿಗೆಯಿಂದ ಹೊರಬಿದ್ದು ಒತ್ತಡ ಇಳಿದ ಮೇಲೆ ಆ ಸ್ಪ್ರಿಂಗ್ ಬಿಚ್ಚಿಕೊಂಡು ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಭಾಗಗಳು ಕಡಿಮೆ, ಮಸಿಯೆಲ್ಲ ನಳಿಗೆಯ ಬಾಯಿಂದಲೇ ಹೊರಹೋಗುವುದರಿಂದ ಒಳಭಾಗ ಚೊಕ್ಕಟ, ಕೋವಿ ತೆಳ್ಳಗೆ ಹಗುರ. ಕೆಸರು ಚಳಿಯ ನಡುವೆ ಓಡಾಡುವ ಬೇಟೆಗಾರರು ಇದನ್ನು ಮೆಚ್ಚುವುದು ಸಹಜ. ಬೆನೆಲ್ಲಿಯ ಎಂ2, ಮೊಂಟೆಫೆಲ್ಟ್ರೋ, ಸೂಪರ್ ಬ್ಲ್ಯಾಕ್ ಈಗಲ್, ಬೆನೆಲ್ಲಿಯಂತೆಯೇ ಬೆರೆಟ್ಟಾ ಬಳಗಕ್ಕೆ ಸೇರಿದ ಫ್ರಾಂಕಿಯ ಅಫಿನಿಟಿ ಮತ್ತು ಟರ್ಕಿಯಲ್ಲಿ ತಯಾರಾಗುವ ಸ್ಟೋಗರ್ ಎಂ3000 ಈ ಗುಂಪಿಗೆ ಸೇರಿದವು.

ಜಡತ್ವದ ಕೋವಿ ಕೆಲಸ ಮಾಡಬೇಕಾದರೆ ಅದು ಹಿಂದಕ್ಕೆ ಸರಿಯಲೇಬೇಕು ಎಂಬ ಮಾತಿನಲ್ಲಿಯೇ ಅದರ ಮಿತಿಗಳೆಲ್ಲ ಅಡಗಿವೆ. ಒದೆತ ಚುರುಕಾಗಿ ಭುಜಕ್ಕೆ ತಲುಪುತ್ತದೆ. 24 ಗ್ರಾಮ್‌ನಂಥ ಹಗುರ ತೋಟಾ ಹಾಕಿದರೆ, ಅದರಲ್ಲಿಯೂ ಕೋವಿ ಹೊಸದಾಗಿದ್ದು ಸ್ಪ್ರಿಂಗ್‌ಗಳು ಇನ್ನೂ ಬಿಗಿಯಾಗಿದ್ದಾಗ, ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗದೆ ಖಾಲಿ ಕೇಸು ಸಿಕ್ಕಿಕೊಳ್ಳುತ್ತದೆ. ಒದೆತ ತಗ್ಗಿಸೋಣವೆಂದು ಮ್ಯಾಗಜಿನ್ನಿನ ತುದಿಗೆ ತೂಕ ಸೇರಿಸಿದರೆ ಕೋವಿಯ ಜಿಗಿತವೇ ಕಡಿಮೆಯಾಗಿ ಯಂತ್ರಕ್ಕೆ ಬೇಕಾದ ಬಲ ಸಿಗುವುದಿಲ್ಲ. ಬೋಲ್ಟನ್ನು ಮೆಲ್ಲನೆ ಮುಂದಕ್ಕೆ ಬಿಟ್ಟರೆ ಅಥವಾ ಕೋವಿಯ ಹಿಂತುದಿಯನ್ನು ನೆಲಕ್ಕೆ ಕುಕ್ಕಿದರೆ ಬೋಲ್ಟಿನ ತಲೆ ಪೂರ್ತಿ ತಿರುಗಿ ಬೀಗ ಬೀಳದೆ, ಟ್ರಿಗರ್ ಎಳೆದಾಗ ಟಕ್ಕೆಂಬ ಸದ್ದು ಮಾತ್ರ ಬರುವುದೂ ಉಂಟು.

ಇಷ್ಟು ತಿಳಿದ ಮೇಲೆ ನನ್ನ ಅಭಿಪ್ರಾಯ ನೇರವಾಗಿದೆ. ವಾರಾಂತ್ಯದಲ್ಲಿ ನೂರು, ಇನ್ನೂರು ತಟ್ಟೆ ಹೊಡೆಯುವುದೇ ಉದ್ದೇಶವಾಗಿದ್ದರೆ ಅನಿಲಚಾಲಿತವನ್ನೇ ಕೊಳ್ಳಬೇಕು. ಅದು ಕೇಳುವ ಶುಚಿತ್ವಕ್ಕೆ ತಿಂಗಳಿಗೆ ಒಂದೆರಡು ಗಂಟೆ ಕೊಡುವುದು, ಒದೆತಕ್ಕೆ ಅಂಜಿ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚುವ ಅಭ್ಯಾಸ ಬೆಳೆಸಿಕೊಳ್ಳುವುದಕ್ಕಿಂತ ಸಾವಿರ ಪಾಲು ಮೇಲು. ಆ ಅಂಜಿಕೆ ಒಮ್ಮೆ ಮೈಗೂಡಿದರೆ ಬಿಡಿಸುವುದು ಬಹಳ ಕಷ್ಟ. ಬೇಟೆಯೇ ಹೆಚ್ಚು, ಕ್ಲೇ ಆಟ ಆಗೊಮ್ಮೆ ಈಗೊಮ್ಮೆ ಎನ್ನುವವರಿಗೆ ಜಡತ್ವಚಾಲಿತ ಸರಿ.

ನಳಿಗೆಯ ಉದ್ದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಉದ್ದ ನಳಿಗೆಯಿಂದ ಚರೆಯ ವೇಗ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಅದರ ಉಪಯೋಗ ಮುಂಭಾಗದ ತೂಕದಿಂದ ಬೀಸು ಸ್ಥಿರವಾಗುವುದರಲ್ಲಿದೆ. ಅರೆ-ಸ್ವಯಂಚಾಲಿತದ ಒಡಲು ಜೋಡುನಳಿಗೆಯದಕ್ಕಿಂತ ಮೂರು ನಾಲ್ಕು ಇಂಚು ಉದ್ದವಿರುವುದರಿಂದ ಇದರಲ್ಲಿ 28 ಇಂಚಿನ ನಳಿಗೆಯಿದ್ದರೆ ಜೋಡುನಳಿಗೆಯಲ್ಲಿ 30ಕ್ಕಿಂತ ಹೆಚ್ಚಿನದನ್ನು ಹಿಡಿದಂತೆ. ಬಹುಪಾಲು ಜನರಿಗೆ 28 ಸಾಕು; ಎತ್ತರದವರು, ಸ್ಪೋರ್ಟಿಂಗ್ ಕ್ಲೇಸ್ ಅನ್ನೇ ನೆಚ್ಚಿಕೊಂಡವರು 30 ತೆಗೆದುಕೊಳ್ಳಬಹುದು.

ಚೋಕ್ ಎಂದರೆ ನಳಿಗೆಯ ಬಾಯಿಯಲ್ಲಿರುವ ಕಿರಿದಾದ ಭಾಗ. ಇಂದು ಅದು ತಿರುಪಿನಿಂದ ಬದಲಿಸಬಹುದಾದ ಕೊಳವೆ. 40 ಗಜ ದೂರದಲ್ಲಿ 30 ಇಂಚು ವ್ಯಾಸದ ವೃತ್ತದೊಳಗೆ ಎಷ್ಟು ಪಾಲು ಚರೆ ಬೀಳುತ್ತದೆ ಎಂಬುದರಿಂದ ಇವನ್ನು ಅಳೆಯುತ್ತಾರೆ. ಫುಲ್ ಎಂಬುದರಲ್ಲಿ ಸುಮಾರು ಶೇಕಡಾ 70, ಮಾಡಿಫೈಡ್‌ನಲ್ಲಿ 60, ಇಂಪ್ರೂವ್ಡ್ ಸಿಲಿಂಡರ್‌ನಲ್ಲಿ 50, ಏನೂ ಕಿರಿದಾಗದ ಸಿಲಿಂಡರ್‌ನಲ್ಲಿ 40. ಸ್ಕೀಟ್‌ಗೆ ಅಗಲವಾಗಿ ಹರಡುವ ಸ್ಕೀಟ್ ಚೋಕ್ ಬೇಕು. ಟ್ರ್ಯಾಪ್‌ಗೆ ಮಾಡಿಫೈಡ್ ಅಥವಾ ಅದಕ್ಕಿಂತ ಬಿಗಿ. ಸ್ಪೋರ್ಟಿಂಗ್ ಕ್ಲೇಸ್‌ನಲ್ಲಿ ಇಂಪ್ರೂವ್ಡ್ ಸಿಲಿಂಡರ್ ಹಾಕಿಕೊಂಡು ಹೊರಟರೆ ಹೆಚ್ಚಿನ ಜಾಗಗಳಲ್ಲಿ ಬದಲಿಸಬೇಕಾಗುವುದೇ ಇಲ್ಲ. ಒಂದು ಔನ್ಸ್, ಅಂದರೆ 28 ಗ್ರಾಮ್ ಚರೆಯಲ್ಲಿ (ನಂಬರು ಹೆಚ್ಚಿದಷ್ಟೂ ಕಾಳು ಸಣ್ಣದು) 7½ ನಂಬರಿನದಾದರೆ ಸುಮಾರು 350 ಕಾಳು, 8ರದಾದರೆ 410, 9ರದಾದರೆ 585 ಇರುತ್ತವೆ. ದೂರದ ತಟ್ಟೆಗೆ 7½, ಹತ್ತಿರದ ಸ್ಕೀಟ್ ತಟ್ಟೆಗೆ 9, ನಡುವಿನದಕ್ಕೆಲ್ಲ 8.

ಬೆಲೆಯನ್ನು ನೋಡಿದರೆ ಟರ್ಕಿಯ ಮಾದರಿಗಳು ನಾಲ್ಕುನೂರು ಡಾಲರಿನ ಸುಮಾರಿನಿಂದ ಆರಂಭವಾಗುತ್ತವೆ, ಬೆರೆಟ್ಟಾ ಎ300ರಂಥವು ಸಾವಿರದ ಆಸುಪಾಸು, ಎ400ರ ಸ್ಪರ್ಧೆಯ ಮಾದರಿ ಎರಡು ಸಾವಿರದ ಆಸುಪಾಸು. ಮಧ್ಯದ ಬೆಲೆಯದನ್ನು ಕೊಂಡು ಉಳಿದ ಹಣವನ್ನು ತೋಟಾಕ್ಕೂ ಒಳ್ಳೆಯ ಶಿಕ್ಷಕರ ನಾಲ್ಕು ಪಾಠಗಳಿಗೂ ಖರ್ಚು ಮಾಡುವುದು, ಹೊಸಬರ ಮಟ್ಟಿಗೆ, ದುಬಾರಿ ಕೋವಿಗಿಂತ ಹೆಚ್ಚು ತಟ್ಟೆಗಳನ್ನು ಒಡೆಯಿಸುತ್ತದೆ. ಕಿವಿಯ ರಕ್ಷಣೆಗೂ ಹಣ ತೆಗೆದಿಡಬೇಕು. ಶಾಟ್‌ಗನ್ ಸದ್ದು 150 ಡೆಸಿಬೆಲ್ ದಾಟುತ್ತದೆ, ಕಿವಿಗೆ ಒಂದೇ ಏಟಿನಲ್ಲಿ ಶಾಶ್ವತ ಹಾನಿ ಆಗಬಹುದಾದ ಮಟ್ಟವದು. ಗಟ್ಟಿ ಕನ್ನಡಕವೂ ಬೇಕು. ಮನೆಯಲ್ಲಿ ಬೀಗವಿರುವ ಉಕ್ಕಿನ ಪೆಟ್ಟಿಗೆ ಕೋವಿಗಿಂತ ಮೊದಲು ಬರಬೇಕು, ಮಕ್ಕಳಿರುವ ಮನೆಯಾದರಂತೂ ಇದರಲ್ಲಿ ರಿಯಾಯಿತಿಯೇ ಇಲ್ಲ. ತೋಟಾ ಬೇರೆ ಕಡೆ, ಬೇರೆ ಬೀಗದಲ್ಲಿ.

ಅರೆ-ಸ್ವಯಂಚಾಲಿತ ಹಿಡಿದವರ ಮೇಲೆ ಮೈದಾನದಲ್ಲಿ ಒಂದು ಹೆಚ್ಚಿನ ಹೊಣೆ ಇರುತ್ತದೆ. ಬೋಲ್ಟ್ ಮುಚ್ಚಿದ್ದರೆ ಒಳಗೆ ತೋಟಾ ಇದೆಯೋ ಇಲ್ಲವೋ ಪಕ್ಕದವರಿಗೆ ತಿಳಿಯುವುದಿಲ್ಲ. ಆದ್ದರಿಂದ ತಮ್ಮ ಸರದಿ ಬಂದು ಜಾಗದಲ್ಲಿ ನಿಂತಾಗ ಹೊರತು ಬೋಲ್ಟ್ ಸದಾ ತೆರೆದಿರಬೇಕು, ಚೇಂಬರಿಗೆ ಬಣ್ಣದ ಗುರುತುಪಟ್ಟಿ ಸಿಕ್ಕಿಸಿರಬೇಕು, ನಳಿಗೆ ಆಕಾಶಕ್ಕೋ ನೆಲಕ್ಕೋ ಮುಖ ಮಾಡಿರಬೇಕು. ಎರಡಕ್ಕಿಂತ ಹೆಚ್ಚು ತೋಟಾ ತುಂಬುವುದನ್ನು ಮೈದಾನಗಳು ಒಪ್ಪುವುದಿಲ್ಲ. ಒಂದು ಈಡು ಹಾರಿದೊಡನೆ ಮುಂದಿನದು ಸಿದ್ಧವಾಗಿಯೇ ಇರುತ್ತದೆ ಎಂಬುದನ್ನು ಹೊಸಬರು ಮರೆತು, ತಟ್ಟೆ ಒಡೆದ ಸಂತೋಷದಲ್ಲಿ ಕೋವಿಯ ಸಮೇತ ಹಿಂದಕ್ಕೆ ತಿರುಗುವುದುಂಟು. ಹಾಗಾಗಿ ಹೊಸಬರಿಗೆ ಮೊದಲ ಕೆಲವು ಸುತ್ತುಗಳಲ್ಲಿ ಒಂದೊಂದೇ ತೋಟಾ ಕೊಟ್ಟು ಕಲಿಸುವುದು ವಿವೇಕ.

ಕೊಂಡ ಮೇಲೆ, ತಟ್ಟೆಗಳ ಬಳಿಗೆ ಹೋಗುವ ಮೊದಲು, ಕೋವಿ ಎಲ್ಲಿ ಹೊಡೆಯುತ್ತದೆ ಎಂದು ನೋಡಬೇಕು. ದೊಡ್ಡ ಕಾಗದದ ನಡುವೆ ಒಂದು ಗುರುತು ಹಾಕಿ, 16 ಗಜ ದೂರದಲ್ಲಿ ನಿಂತು, ಬಿಗಿ ಚೋಕ್ ಹಾಕಿ, ಗುರುತನ್ನೇ ನೋಡುತ್ತ ಕೋವಿಯನ್ನು ಎತ್ತಿದ ಕೂಡಲೇ ಹಾರಿಸಬೇಕು. ಗುರಿ ತಿದ್ದುತ್ತ ನಿಲ್ಲಬಾರದು. ಒಂದೇ ಗುರುತಿಗೆ ಹೀಗೆ ಐದಾರು ಈಡು ಹಾರಿಸಿದರೆ ಚರೆ ದಟ್ಟವಾಗಿ ಬಿದ್ದ ಜಾಗ ಸ್ಪಷ್ಟವಾಗುತ್ತದೆ. ಅದು ಗುರುತಿಗಿಂತ ಎಷ್ಟು ಇಂಚು ಆಚೀಚೆ ಇದೆಯೋ, ಪ್ರತಿ ಇಂಚಿಗೆ ಸ್ಟಾಕಿನ ಕೆನ್ನೆಯ ಭಾಗವನ್ನು ಒಂದು ಇಂಚಿನ ಹದಿನಾರನೇ ಒಂದರಷ್ಟು ಸರಿಸಬೇಕು: ಚರೆ ಕೆಳಗೆ ಬಿದ್ದರೆ ಕೆನ್ನೆಯ ಭಾಗ ಮೇಲಕ್ಕೆ, ಮೇಲೆ ಬಿದ್ದರೆ ಕೆಳಕ್ಕೆ, ಎಡಕ್ಕೆ ಬಿದ್ದರೆ ಬಲಕ್ಕೆ, ಬಲಕ್ಕೆ ಬಿದ್ದರೆ ಎಡಕ್ಕೆ. ಬಿಲ್ಲೆಗಳನ್ನು ಬದಲಿಸಿ, ಮತ್ತೆ ಕಾಗದಕ್ಕೆ ಹಾರಿಸಿ, ಸ್ಪೋರ್ಟಿಂಗ್ ಕ್ಲೇಸ್ ಮತ್ತು ಸ್ಕೀಟ್‌ಗಾದರೆ ಚರೆಯ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಗುರುತಿನ ಮೇಲ್ಭಾಗಕ್ಕೆ, ಟ್ರ್ಯಾಪ್‌ಗಾದರೆ ಮುಕ್ಕಾಲಿಗೆ ಹತ್ತಿರದ ಪಾಲು ಮೇಲ್ಭಾಗಕ್ಕೆ ಬೀಳುವಂತೆ ಹೊಂದಿಸಿಕೊಳ್ಳಬೇಕು.